ಮೊದಲು ಉಸಿರು, ಆಮೇಲೆ ಬಣ್ಣ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಊರು, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಅಜ್ಜನದೋ ಮಾವನದೋ ಯೆಜ್ಡಿ ಬೈಕು ಹಿತ್ತಿಲಿನ ಶೆಡ್ಡಿನಲ್ಲಿ ನಿಂತಿದೆ, ಇಲ್ಲವೇ ಗುಜರಿಗೆ ಹೊರಟಿದ್ದ ಆರ್‌ಎಕ್ಸ್ 100 ಕೈಗೆ ಸಿಕ್ಕಿದೆ. ಮನೆಯಲ್ಲೇ ಕೂತು ಸರಿಮಾಡಿಕೊಳ್ಳಬಹುದೇ? ಎಲ್ಲಿಂದ ಶುರು ಮಾಡಬೇಕು? ಪತ್ರದ ಮೂರನೇ ಸಾಲು ಬರುವಷ್ಟರಲ್ಲಿ ಬಣ್ಣದ ಮಾತು ಬಂದಿರುತ್ತದೆ. ಟ್ಯಾಂಕಿಗೆ ಕ್ರೋಮ್ ಎಲ್ಲಿ ಹಾಕುತ್ತಾರೆ, ಮೆರೂನ್ ಚೆನ್ನವೋ ಕಪ್ಪು ಚೆನ್ನವೋ, ಸೀಟಿಗೆ ಯಾವ ರೆಕ್ಸಿನ್. ನಾನು ಕೊಡುವ ಉತ್ತರ ಬದಲಾಗಿಲ್ಲ. ಮಾಡಬಹುದು, ಖಂಡಿತ ಮಾಡಬಹುದು. ಸದ್ಯಕ್ಕೆ ಬಣ್ಣದ ವಿಚಾರ ಬಿಟ್ಟುಬಿಡಿ. ಇಂಥ ಟೂ ಸ್ಟ್ರೋಕ್ ಗಾಡಿ ಉಸಿರಿನ ಮೇಲೆ ನಿಂತ ಯಂತ್ರ. ಅದರ ಉಸಿರು ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವ ತನಕ ಬಣ್ಣಕ್ಕೆ ಸುರಿದ ದುಡ್ಡೆಲ್ಲ ದಂಡ.

ಮೈಸೂರು ಸೀಮೆಯವರಿಗೆ ಈ ಗಾಡಿಗಳ ಮೇಲೆ ಮಮತೆ ಹೆಚ್ಚು. ಅದಕ್ಕೆ ಕಾರಣವೂ ಇದೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಯಾದವಗಿರಿಯಲ್ಲಿ ಕಟ್ಟಿದರು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1961ರಿಂದ ಇಲ್ಲಿ ಜಾವಾ ತಯಾರಾಯಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಗೇರ್ ಹಾಕುವ ಕಡ್ಡಿಯನ್ನೇ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುವ ಏರ್ಪಾಡು, ಗೇರ್ ಕಡ್ಡಿ ಒತ್ತಿದರೆ ತಾನೇ ಬಿಟ್ಟುಕೊಳ್ಳುವ ಕ್ಲಚ್: ಇವನ್ನೆಲ್ಲ ಇಂದಿನ ಹುಡುಗರಿಗೆ ತೋರಿಸಿದರೆ ಕಣ್ಣರಳಿಸಿ ನೋಡುತ್ತಾರೆ. ಈ ಗಾಡಿಗಳನ್ನು ಜೋಡಿಸಿದ ಕೈಗಳು ಇದೇ ಊರಿನವು. ಆ ಕಾರ್ಮಿಕರಲ್ಲಿ ಕೆಲವರು ನಿವೃತ್ತರಾಗಿ ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥವರೊಬ್ಬರು ನಿಮ್ಮ ಬೀದಿಯಲ್ಲಿದ್ದರೆ ಯಾವ ಪುಸ್ತಕಕ್ಕೂ ಮುಂಚೆ ಅವರ ಮನೆಗೆ ಹೋಗಿ.

ಹವ್ಯಾಸಕ್ಕೆ ಟೂ ಸ್ಟ್ರೋಕೇ ಯಾಕೆ? ಅದರ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಮೂಲದಲ್ಲಿ ಅಲುಗಾಡುವ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ಉಪಾಯದ ಮೇಲೆ ಇವತ್ತಿಗೂ ಈ ಎಂಜಿನ್ ನಿಂತಿದೆ. ಪಿಸ್ಟನ್ ಮೇಲೇರುವಾಗ ಅದರ ತಲೆಯ ಮೇಲೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಅಡಿಯಲ್ಲಿ, ಕ್ರ್ಯಾಂಕ್ ತಿರುಗುವ ಕೋಣೆಯೊಳಗೆ, ಹೊಸ ಮಿಶ್ರಣ ಎಳೆದುಕೊಳ್ಳುತ್ತದೆ. ಕಿಡಿ ಹೊತ್ತಿ ಪಿಸ್ಟನ್ ಕೆಳಗಿಳಿಯುವಾಗ ಆ ಕೋಣೆಯ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಪಕ್ಕದ ದಾರಿಗಳಿಂದ ಮೇಲೆ ನುಗ್ಗಿ, ಸುಟ್ಟ ಹೊಗೆಯನ್ನು ಸೈಲೆನ್ಸರಿನತ್ತ ತಳ್ಳುತ್ತದೆ. ಅಂದರೆ ಕ್ರ್ಯಾಂಕ್ ಕೋಣೆ ಕುಲುಮೆಯ ತಿದಿ ಇದ್ದಹಾಗೆ. ತಿದಿಯ ಚರ್ಮದಲ್ಲಿ ಒಂದು ತೂತು ಬಿದ್ದರೆ ಬೆಂಕಿ ಏಳುವುದಿಲ್ಲ.

ಆ ತೂತು ಸಾಮಾನ್ಯವಾಗಿ ಬೀಳುವುದು ಕ್ರ್ಯಾಂಕಿನ ಎರಡು ತುದಿಗಳಲ್ಲಿ. ಅಲ್ಲಿ ಕೂತಿರುವ ಎರಡು ರಬ್ಬರ್ ಆಯಿಲ್ ಸೀಲ್‌ಗಳು ಈ ಎಂಜಿನ್ನಿನ ಪ್ರಾಣ. ಗಾಡಿ ವರ್ಷಗಟ್ಟಲೆ ನಿಂತಾಗ ಅವು ಒಣಗಿ ಕಲ್ಲಾಗುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ. ಹಿಂದೆ ಬರುವವರ ಕಣ್ಣಿಗೆ ಬಿಳಿ ಹೊಗೆ ರಾಚುತ್ತದೆ, ಗೇರ್‌ಬಾಕ್ಸಿನ ಎಣ್ಣೆ ದಿನೇ ದಿನೇ ಇಳಿಯುತ್ತದೆ. ಡೈನಮೊ ಅಥವಾ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಇನ್ನೂ ಅಪಾಯ. ಅಲ್ಲಿಂದ ಬರೀ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ನಿಂತಲ್ಲೇ ರೇಸ್ ತಾನಾಗಿ ಏರುತ್ತದೆ, ಪಿಸ್ಟನ್ ಕಾದು ಒಂದು ದಿನ ಹೆದ್ದಾರಿಯ ನಡುವೆ ಸೀಝ್ ಆಗುತ್ತದೆ. ಎಷ್ಟೋ ಜನ ಇದನ್ನು ಕಾರ್ಬೊರೇಟರ್ ತೊಂದರೆ ಅಂದುಕೊಂಡು ಕಾರ್ಬೊರೇಟರ್ ಮೇಲೆ ಕಾರ್ಬೊರೇಟರ್ ಬದಲಿಸುತ್ತಾರೆ.

ಕಳೆದ ವರ್ಷ ನಂಜನಗೂಡಿನ ಕಡೆಯ ಒಬ್ಬ ಹುಡುಗ ತನ್ನ ಯೆಜ್ಡಿ ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ. ಟ್ಯಾಂಕಿನಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಮಡ್‌ಗಾರ್ಡಿನ ಚಿನ್ನದ ಗೆರೆಯನ್ನು ಕೈಯಲ್ಲೇ ಎಳೆಸಿದ್ದ. “ಸರ್, ಎರಡು ಕಾರ್ಬೊರೇಟರ್ ಹಾಕಿ ನೋಡಿದ್ವಿ, ಸ್ಲೋನಲ್ಲಿ ನಿಲ್ತಾನೇ ಇಲ್ಲ, ಒಂದೊಂದ್ಸಲ ಆಕ್ಸಿಲರೇಟರ್ ಬಿಟ್ರೂ ಇಳಿಯಲ್ಲ” ಅಂದ. ಪ್ಲಗ್ ಬಿಚ್ಚಿದರೆ ಅದರ ಮೂಗು ಸುಣ್ಣದಷ್ಟು ಬೆಳ್ಳಗಿತ್ತು. ನನ್ನ ಹತ್ತಿರ ಹಳೆಯ ಬಿ.ಪಿ. ನೋಡುವ ಯಂತ್ರದ ರಬ್ಬರ್ ಬಲ್ಬು ಮತ್ತು ಡಯಲ್ ಇದೆ. ಈ ಕೆಲಸಕ್ಕೆಂದೇ ಇಟ್ಟುಕೊಂಡದ್ದು. ಎರಡು ಸೈಲೆನ್ಸರ್ ಬಾಯಿಗಳಿಗೂ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ತಗಡು ಬಿಗಿದೆವು. ಕಾರ್ಬೊರೇಟರ್ ಕೂರುವ ಬಾಯಿಗೆ ನಡುವೆ ತೂತು ಕೊರೆದ ರಬ್ಬರ್ ಬಿರಡೆ ಹಾಕಿ ಅದರಲ್ಲಿ ಬಲ್ಬಿನ ನಳಿಗೆ ತೂರಿಸಿದೆವು. ಡಯಲ್ 250 ಮಿಲಿಮೀಟರ್ ತೋರಿಸುವ ತನಕ ಒತ್ತಿದೆ; ಇಂಥ ಎಂಜಿನ್ ತಡೆದುಕೊಳ್ಳಬೇಕಾದ ಸುಮಾರು ಐದು ಪೌಂಡ್ ಒತ್ತಡ ಅದು. ಒಳ್ಳೆಯ ಎಂಜಿನ್ನಾದರೆ ಮುಳ್ಳು ಅಲ್ಲೇ ನಿಂತು, ನಿಮಿಷಗಟ್ಟಲೆ ನೋಡಿದರೂ ಒಂದಿಷ್ಟೇ ಜಾರಬೇಕು. ಇಲ್ಲಿ ಕೈ ಬಿಟ್ಟ ಕೂಡಲೇ ಮುಳ್ಳು ಬಿತ್ತು. ಬಲಬದಿಯ ಮುಚ್ಚಳ ತೆಗೆದು, ಡೈನಮೊ ಬಿಚ್ಚಿ, ಕ್ರ್ಯಾಂಕಿನ ತುದಿಗೆ ಸೋಪಿನ ನೀರು ಬಳಿದು ಮತ್ತೆ ಒತ್ತಿದಾಗ ಗುಳ್ಳೆಗಳ ಸಾಲೇ ಎದ್ದಿತು. ಹುಡುಗ ಬಗ್ಗಿ ನೋಡಿ, “ಇಷ್ಟೇನಾ ಸರ್?” ಅಂದ. ಇಷ್ಟೇ. ಪೇಂಟಿಗೆ ಕೊಟ್ಟ ದುಡ್ಡಿನ ಮುಂದೆ ಆ ಸೀಲಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಸೀಲ್ ಕೊಳ್ಳುವಾಗ ಒಂದು ಎಚ್ಚರ. ಹಳೆಯ ಅಂಗಡಿಯ ಅಟ್ಟದಲ್ಲಿ ಕಂಪನಿಯ ಪೊಟ್ಟಣದೊಳಗೆ ಉಳಿದ ಅಸಲಿ ಮಾಲು ಅಂದರೆ ನಮ್ಮ ಹವ್ಯಾಸಿಗಳು ಬಾಯಿ ಬಿಟ್ಟು ನಿಲ್ಲುತ್ತಾರೆ. ಕಬ್ಬಿಣದ ಭಾಗಕ್ಕೆ ಅದು ಸರಿ. ಗೇರ್ ಚಕ್ರ, ಕ್ಲಚ್ ಬಾಸ್ಕೆಟ್, ಹೆಡ್‌ಲೈಟಿನ ರಿಮ್ಮು ಹಾಗೆ ಸಿಕ್ಕರೆ ಬಿಡಬೇಡಿ. ರಬ್ಬರಿಗೆ ಮಾತ್ರ ವಯಸ್ಸು ಪೊಟ್ಟಣದೊಳಗೂ ಆಗುತ್ತದೆ. ಹಳೆಯ ಸೀಲಿನ ಬೆನ್ನ ಮೇಲೆ ಅಚ್ಚೊತ್ತಿರುವ ಒಳ ಅಳತೆ, ಹೊರ ಅಳತೆ, ದಪ್ಪ ಈ ಮೂರು ಸಂಖ್ಯೆಗಳನ್ನು ಬರೆದುಕೊಂಡು ಬೇರಿಂಗ್ ಮಾರುವ ಅಂಗಡಿಗೆ ಹೋದರೆ ಹೊಚ್ಚಹೊಸ ಸೀಲ್ ಸಿಗುತ್ತದೆ. ಕೂರಿಸುವಾಗ ಸ್ಪ್ರಿಂಗ್ ಕಾಣುವ ಮುಖ ಒತ್ತಡವಿರುವ ಕಡೆಗೆ, ಅಂದರೆ ಕ್ರ್ಯಾಂಕ್ ಕೋಣೆಯ ಕಡೆಗೆ ಇರಬೇಕು.

ಇಷ್ಟು ಹೊತ್ತು ಹೇಳಿದ್ದು ಓಡುವ ಗಾಡಿಯ ಮಾತು. ಇಪ್ಪತ್ತು ವರ್ಷ ಮಳೆ ಬಿಸಿಲಿಗೆ ನಿಂತ ಗಾಡಿಯಲ್ಲಿ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿರುವುದೇ ಹೆಚ್ಚು. ಕಿಕ್ಕರ್ ಮೇಲೆ ಹತ್ತಿ ನಿಂತು ಕುಣಿಯಬೇಡಿ; ಒಳಗೆ ಹಲ್ಲು ಮುರಿಯುತ್ತದೆ. ಪ್ಲಗ್ ತೂತಿನಿಂದ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಹುಯ್ದು ಬಿಟ್ಟುಬಿಡಿ. ದಿನಗಟ್ಟಲೆ ಬಿಡಬೇಕು, ಇಳಿದಂತೆಲ್ಲ ಮತ್ತೆ ಹುಯ್ಯಬೇಕು. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಅಷ್ಟಕ್ಕೂ ಜಗ್ಗದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ನಿನ ತಲೆಯ ಮೇಲೆ ಗಟ್ಟಿ ಮರದ ತುಂಡಿಟ್ಟು ತಟ್ಟಬಹುದು. ಕಬ್ಬಿಣದ ಸರಳಿಟ್ಟು ಹೊಡೆದರೆ ಪಿಸ್ಟನ್ ತೂತಾಗುವುದು ಖಚಿತ. ಬಿಚ್ಚಿದ ಪ್ರತಿ ಭಾಗದ ಫೋಟೊ ಫೋನಿನಲ್ಲಿರಲಿ. ಬೋಲ್ಟು ವಾಷರುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಎಲ್ಲಿಯದು ಎಂದು ಚೀಟಿ ಬರೆದು ಪ್ರತ್ಯೇಕ ಪೊಟ್ಟಣ ಕಟ್ಟಿ. ತೊಳೆಯಲು ಪೆಟ್ರೋಲ್ ಬಳಸಬೇಡಿ, ಡೀಸೆಲ್ ಸಾಕು. ಮನೆಯೊಳಗೆ ಪೆಟ್ರೋಲಿನ ಆವಿ ದೇವರ ದೀಪದ ತನಕ ಹರಿದುಹೋಗಬಲ್ಲದು. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದಲೇಬೇಡಿ. ಆ ಕಾಲದ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಎಲ್ಲವನ್ನೂ ಮನೆಯಲ್ಲೇ ಮಾಡಲಾಗದು, ಮಾಡಬಾರದು ಕೂಡ. ಸಿಲಿಂಡರ್ ಬೋರ್ ಹೊಡೆಯುವುದು, ಕ್ರ್ಯಾಂಕ್ ಒತ್ತಿ ಬಿಚ್ಚಿ ಹೊಸ ಕನೆಕ್ಟಿಂಗ್ ರಾಡ್ ಕೂರಿಸುವುದು ಲೇತ್ ಅಂಗಡಿಯ ಕೆಲಸ. ಯೆಜ್ಡಿಯ 250 ಸಿ.ಸಿ. ಎಂಜಿನ್ನಿನ ಬೋರು 65 ಮಿಲಿಮೀಟರ್, ಸ್ಟ್ರೋಕು 75. ಆರ್‌ಎಕ್ಸ್ 100ರಲ್ಲಿ ಎರಡೂ 50. ಸಿಲಿಂಡರ್ ಸವೆದಂತೆಲ್ಲ 0.25, 0.50, 0.75, 1 ಮಿಲಿಮೀಟರ್ ಹೀಗೆ ದೊಡ್ಡದಾಗುತ್ತ ಹೋಗುವ ಓವರ್‌ಸೈಝ್ ಪಿಸ್ಟನ್ ಸಿಗುತ್ತವೆ. ನಾನು ಹೋಗುವ ಲೇತ್ ಮೇಸ್ತ್ರಿ ಸಿಲಿಂಡರ್ ಒಂದನ್ನೇ ತಂದವರನ್ನು ವಾಪಸ್ ಕಳಿಸುತ್ತಾರೆ. “ಮೊದ್ಲು ಪಿಸ್ಟನ್ ತಗೊಂಬನ್ನಿ ಸ್ವಾಮಿ, ಅದನ್ನ ಅಳೆದೇ ಬೋರ್ ಹೊಡೆಯೋದು” ಎನ್ನುತ್ತಾರೆ. ಅವರ ಮಾತು ಸರಿ. ಡಬ್ಬಿಯ ಮೇಲೆ ಬರೆದ ಅಳತೆಗೂ ಒಳಗಿರುವ ಪಿಸ್ಟನ್ನಿಗೂ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ವ್ಯತ್ಯಾಸ ಇರುತ್ತದೆ, ಪಿಸ್ಟನ್ನಿಗೂ ಗೋಡೆಗೂ ನಡುವೆ ಬೇಕಾದ ಸಂದು 0.05 ಮಿಲಿಮೀಟರಿನ ಆಸುಪಾಸು. ಬಿಗಿಯಾದರೆ ಕಾದಾಗ ಹಿಡಿದುಕೊಳ್ಳುತ್ತದೆ, ಸಡಿಲವಾದರೆ ಪಿಸ್ಟನ್ ಗೋಡೆಗೆ ಬಡಿಯುತ್ತದೆ.

ಬೋರ್ ಆದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಬಹಳ ಜನ ಇದನ್ನೇ ಮರೆಯುತ್ತಾರೆ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಂಥ ಪೋರ್ಟುಗಳಿವೆ. ಬೋರ್ ಹೊಡೆದಾಗ ಅವುಗಳ ಅಂಚು ಬ್ಲೇಡಿನಷ್ಟು ಹರಿತವಾಗುತ್ತದೆ. ಆ ಅಂಚನ್ನು ನಯವಾದ ಅರದಿಂದಲೋ ಸಾಣೆಕಲ್ಲಿನಿಂದಲೋ ಮೃದುವಾಗಿ ಮುರಿಯದಿದ್ದರೆ ಪಿಸ್ಟನ್ ರಿಂಗು ಅದಕ್ಕೆ ಸಿಕ್ಕಿ ತುಂಡಾಗುತ್ತದೆ. ಬೆರಳಾಡಿಸಿ ನೋಡಿ, ಚರ್ಮ ಎಲ್ಲೂ ತರಚಬಾರದು. ಈ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಮನೆಯ ಮೆಟ್ಟಿಲ ಮೇಲೆ ಸಂಜೆ ಬೆಳಕಲ್ಲಿ ಕೂತು ಒಂದೊಂದೇ ಕಿಟಕಿಯ ಸುತ್ತ ಅರ ಆಡಿಸುವುದರಲ್ಲಿ ಒಂದು ಸುಖವಿದೆ.

ಪಿಸ್ಟನ್ ಕೂರಿಸುವಾಗಲೂ ಅಷ್ಟೇ ತಾಳ್ಮೆ ಬೇಕು. ಕ್ರ್ಯಾಂಕ್ ಕೋಣೆಯ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಇಲ್ಲದಿದ್ದರೆ ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಕೈಜಾರಿ ಒಳಗೆ ಬಿದ್ದು, ಜೋಡಿಸಿದ ಎಂಜಿನ್ ಪೂರಾ ಬಿಚ್ಚಬೇಕಾದೀತು. ಹಳೆಯ ಸರ್ಕ್ಲಿಪ್ ಎಂದೂ ಮತ್ತೆ ಹಾಕಬಾರದು. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಸೈಲೆನ್ಸರ್ ಕಡೆ ನೋಡಬೇಕು. ರಿಂಗು ಕೂರುವ ತೋಡಿನಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ. ರಿಂಗಿನ ಎರಡು ತುದಿಗಳು ಆ ಮೊಳೆಯನ್ನು ತಬ್ಬಿಕೊಂಡಿವೆಯೇ ಎಂದು ಟಾರ್ಚ್ ಹಾಕಿ ನೋಡಿ. ರಿಂಗು ತಿರುಗಿ ಅದರ ತುದಿ ಪೋರ್ಟಿಗೆ ಸಿಗದಿರಲಿ ಎಂದೇ ಆ ಮೊಳೆ ಇಟ್ಟಿರುವುದು. ಅದೇ ಕಾರಣಕ್ಕೆ ಸಿಲಿಂಡರನ್ನು ನೇರವಾಗಿ ಇಳಿಸಬೇಕು, ಎಡಕ್ಕೆ ಬಲಕ್ಕೆ ತಿರುಚಬಾರದು. ಒಂದು ಕೈಯ ಬೆರಳುಗಳಿಂದ ರಿಂಗು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸಿಲಿಂಡರ್ ಇಳಿಸಿದಾಗ, ರಿಂಗು ಒಳಗೆ ಜಾರಿದ್ದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಕ್ರ್ಯಾಂಕ್ ವಿಚಾರದಲ್ಲಿ ಜಿಪುಣತನ ಬೇಡ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಕಟಕಟ ಅಂದರೆ ಬದಲಾಯಿಸಲೇಬೇಕು. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಒತ್ತಿ ಕೂರಿಸಿದ ಮೇಲೆ ಕ್ರ್ಯಾಂಕನ್ನು ಎರಡು ಮೊನೆಗಳ ನಡುವೆ ತಿರುಗಿಸಿ ಡಯಲ್ ಗೇಜಿನಲ್ಲಿ ಅದರ ಓಲಾಟ ನೋಡಬೇಕು. ಅದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ ಮೀರಿದರೆ ಕೂತಲ್ಲೇ ಗಾಡಿ ನಡುಗುತ್ತದೆ, ಹೊಸ ಸೀಲಿನ ಆಯಸ್ಸೂ ಕಳೆಯುತ್ತದೆ. ಬೇರಿಂಗ್ ಕೊಳ್ಳುವಾಗ ಸಿ3 ಗುರುತಿನದು ಕೇಳಿ. ಬಿಸಿಯಾದಾಗ ಹಿಗ್ಗಲು ಒಳಗೆ ಜಾಗವಿರುವ ಬೇರಿಂಗ್ ಅದು.

ಕಿಡಿಯ ವಿಷಯ ಚಿಕ್ಕದು. ಆ ಕಾಲದ ಗಾಡಿಗಳಲ್ಲಿ ಕಾಂಟ್ಯಾಕ್ಟ್ ಪಾಯಿಂಟು ಇರುತ್ತದೆ. ಅದನ್ನು ನಯವಾಗಿ ಉಜ್ಜಿ, ಪೂರ್ತಿ ತೆರೆದಾಗ 0.4 ಮಿಲಿಮೀಟರಿನ ಆಸುಪಾಸು ಸಂದು ಇಟ್ಟು, ಹೊಸ ಕಂಡೆನ್ಸರ್ ಹಾಕಿದರೆ ಮುಕ್ಕಾಲು ಪಾಲು ಸಮಸ್ಯೆ ಮುಗಿಯುತ್ತದೆ. ಪಾಯಿಂಟಿನಲ್ಲಿ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ ಎಂದರ್ಥ. ಆರು ವೋಲ್ಟಿನ ಡೈನಮೊ ತೆಗೆದು ಹನ್ನೆರಡು ವೋಲ್ಟಿಗೆ ಬದಲಿಸಬೇಕೇ ಎಂದು ಕೇಳುವವರಿಗೆ: ರಾತ್ರಿ ಓಡಿಸುವವರಾದರೆ ಬದಲಿಸಿ, ಬಿಚ್ಚಿದ ಡೈನಮೊವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿ. ಭಾನುವಾರ ಬೆಳಿಗ್ಗೆ ಮಾತ್ರ ಹೊರಡುವ ಗಾಡಿಗೆ ಆರು ವೋಲ್ಟೇ ಸಾಕು.

ಟ್ಯಾಂಕಿನೊಳಗಿನ ತುಕ್ಕಿಗೆ ನನಗೆ ಒಗ್ಗಿದ ವಿಧಾನ ವಿದ್ಯುತ್ತಿನದು. ಮೊದಲು ಟ್ಯಾಂಕನ್ನು ಸೋಪಿನ ನೀರಿನಲ್ಲಿ ಪೆಟ್ರೋಲಿನ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಬೇಕು. ನೀರು ತುಂಬಿ ಒಂದಷ್ಟು ವಾಷಿಂಗ್ ಸೋಡಾ ಕರಗಿಸಿ, ಮುಚ್ಚಳದ ತೂತಿನಿಂದ ಕಬ್ಬಿಣದ ಸರಳೊಂದನ್ನು ಟ್ಯಾಂಕಿಗೆ ತಾಗದಂತೆ ಇಳಿಬಿಡಬೇಕು. ಬ್ಯಾಟರಿ ಚಾರ್ಜರಿನ ಪಾಸಿಟಿವ್ ತಂತಿ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ರಾತ್ರಿ ಕಳೆಯುವಷ್ಟರಲ್ಲಿ ಸರಳಿಗೆ ಕೆಂಪು ಕೆಸರು ಮೆತ್ತಿ, ಒಳಗಿನ ತಗಡು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಇದನ್ನು ಬಯಲಿನಲ್ಲೇ ಮಾಡಬೇಕು, ಹೊರಬರುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ. ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಿರಬಾರದು, ನೀರು ವಿಷವಾಗುತ್ತದೆ. ಒಣಗಿಸಿದ ಕೂಡಲೇ ಒಳಗೆಲ್ಲ ಎಣ್ಣೆ ಬೆರೆಸಿದ ಪೆಟ್ರೋಲ್ ಆಡಿಸಿ. ತಡ ಮಾಡಿದರೆ ತುಕ್ಕು ಮತ್ತೆ ಹಿಡಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುವುದರಿಂದ ಈ ಎಚ್ಚರ ಮೊದಲಿಗಿಂತ ಹೆಚ್ಚು ಬೇಕು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ. ಪೆಟ್ರೋಲ್ ಪೈಪು ಹೊಸದಿರಲಿ.

ಎಣ್ಣೆಯ ಲೆಕ್ಕದಲ್ಲಿ ಗೊಂದಲ ಬಹಳ. ಜಾವಾ, ಯೆಜ್ಡಿಗಳಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಲೀಟರಿಗೆ 40 ಮಿಲಿಲೀಟರ್ ಹಾಕಿದರೆ 25ಕ್ಕೆ 1ರ ಪ್ರಮಾಣ. ಹೊಸ ಬೋರಿನ ಆರಂಭದಲ್ಲಿ 50 ಹಾಕಿ. ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕು, ಪಂಪು ಇವೆ. ಪಂಪು ಕಿತ್ತು ಪೆಟ್ರೋಲಿಗೇ ಬೆರೆಸುವ ಚಾಳಿ ಹಬ್ಬಿದೆ, ಪಂಪು ಚೆನ್ನಾಗಿದ್ದರೆ ಅದನ್ನು ಕೀಳಬಾರದು ಎಂಬುದು ನನ್ನ ಅಭಿಪ್ರಾಯ. ಎಣ್ಣೆ ಹೆಚ್ಚು ಹಾಕಿದಷ್ಟೂ ಎಂಜಿನ್ನಿಗೆ ಕ್ಷೇಮ ಎಂಬ ನಂಬಿಕೆಯೂ ಸರಿಯಲ್ಲ. ಜೆಟ್ಟಿನ ತೂತು ಅಷ್ಟೇ ಇರುವಾಗ ಎಣ್ಣೆ ಹೆಚ್ಚಾದರೆ ಪೆಟ್ರೋಲ್ ಕಡಿಮೆ ಹೋಗಿ ಮಿಶ್ರಣ ತೆಳುವಾಗುತ್ತದೆ. ಇನ್ನೊಂದು ವಿಷಯ ಚಾಮುಂಡಿ ಬೆಟ್ಟಕ್ಕೆ ಹೋಗುವವರಿಗೆ. ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುತ್ತಾ ಬಂದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುವುದಿಲ್ಲ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಬರುವುದಿಲ್ಲ. ಆಗಾಗ ಆಕ್ಸಿಲರೇಟರನ್ನು ಒಂದು ಚೂರು ತಿರುವಿ ಪಿಸ್ಟನ್ನಿಗೆ ಎಣ್ಣೆ ಕುಡಿಸುತ್ತಾ ಇಳಿಯಿರಿ. ಹಳೆಯ ಸವಾರರು ಇದನ್ನು ಯೋಚಿಸದೆಯೇ ಮಾಡುತ್ತಿದ್ದರು.

ಬಣ್ಣದ ಮಾತಿಗೆ ಈಗ ಬರಬಹುದು. ಎಂಜಿನ್ ಒತ್ತಡ ಹಿಡಿದು, ಗಾಡಿ ಒಂದಷ್ಟು ದೂರ ಓಡಿ, ಸೋರಿಕೆಗಳೆಲ್ಲ ನಿಂತ ಮೇಲೆ ಪೇಂಟಿನ ಅಂಗಡಿಗೆ ಹೋಗಿ. ನನ್ನ ಆಸೆ ಕೇಳುವುದಾದರೆ, ಹೋಗದಿದ್ದರೂ ನಡೆಯುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಅದನ್ನು ಉಜ್ಜಿ ಮೇಣ ಹಚ್ಚಿ ಉಳಿಸಿಕೊಳ್ಳಿ. ಟ್ಯಾಂಕಿನ ಎರಡು ಪಕ್ಕಗಳಲ್ಲಿ ಮೊಣಕಾಲು ಉಜ್ಜಿ ಬಣ್ಣ ಮಾಸಿದ ಜಾಗ ನಿಮ್ಮ ಅಜ್ಜ ಕೂತ ಗುರುತು. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಅಳಿಸಿದ ಹಳೆಯದನ್ನು ತರಲಾಗದು. ಇಂಥ ಗಾಡಿಗಳನ್ನು ಕತ್ತರಿಸಿ, ಮಡ್‌ಗಾರ್ಡ್ ಕಿತ್ತು, ದಪ್ಪ ಟಯರ್ ಹಾಕಿ ಕೆಫೆ ರೇಸರ್ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಂಥ ಆಸೆಗೆ ಬೇರೆ ಗಾಡಿಗಳು ಬೇಕಾದಷ್ಟಿವೆ. ಮೈಸೂರಿನಲ್ಲಿ ತಯಾರಾದ ಗಾಡಿಗಳ ಲೆಕ್ಕ 1996ಕ್ಕೇ ಮುಗಿದಿದೆ, ಇನ್ನು ಕಡಿಮೆಯಾಗುವುದೊಂದೇ ಬಾಕಿ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ ಇವತ್ತಿಗೂ ದಾರಿ. ಹೊಸದಾಗಿ ತಯಾರಾದ ನಕಲಿ ಭಾಗಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಹಳೆಯದನ್ನು ಕೈಯಲ್ಲಿ ಹಿಡಿದು ಪಕ್ಕಪಕ್ಕ ಇಟ್ಟು ತೂಕ, ಅಳತೆ, ಥ್ರೆಡ್ಡು ನೋಡದೆ ಕೊಳ್ಳಬೇಡಿ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಆಚರಿಸುವ ಅಂತರರಾಷ್ಟ್ರೀಯ ಜಾವಾ ದಿನದಂದು ಸೇರುವ ಸವಾರರ ಗುಂಪಿನಲ್ಲಿ ಒಂದು ಸುತ್ತು ಬಂದರೆ, ಯಾರ ಹತ್ತಿರ ಯಾವ ಭಾಗ ಹೆಚ್ಚುವರಿ ಇದೆ ಎಂದು ತಾನಾಗಿ ತಿಳಿಯುತ್ತದೆ.

ಗಾಡಿ ಕೊಳ್ಳುವ ಮುಂಚೆ ಆರ್.ಸಿ. ಬುಕ್ ನೋಡಿ. ಛಾಸಿ ನಂಬರು, ಎಂಜಿನ್ ನಂಬರು ಎರಡೂ ಅದರೊಂದಿಗೆ ಹೊಂದಬೇಕು. ದಾಖಲೆ ಇಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬೇಕು, ಗ್ರೀನ್ ಟ್ಯಾಕ್ಸ್ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪ ಬದಲಾಗದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಅಕ್ಷರಗಳ ಸಂಖ್ಯೆ ಸಿಗುತ್ತದೆ. ಈಗಾಗಲೇ ನೋಂದಣಿ ಇದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರಿನ ಗಾಡಿ ಇದ್ದವರಿಗೆ ಇದು ದೊಡ್ಡ ಸಮಾಧಾನ. ಆದರೆ ವಿಂಟೇಜ್ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಷ್ಟಕ್ಕೆ ರಸ್ತೆಗಿಳಿಸಬಹುದು. ಯಾವುದು ನಿಮಗೆ ಬೇಕು ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಹೊಗೆಯ ಬಗ್ಗೆ ಕೇಳುವವರೂ ಇದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಟೂ ಸ್ಟ್ರೋಕಿನಲ್ಲಿ ಹೊಸ ಮಿಶ್ರಣ ಒಳಬರುವ ಕಿಟಕಿಯೂ ಹೊಗೆ ಹೋಗುವ ಕಿಟಕಿಯೂ ಒಂದಷ್ಟು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಹಾಗಾಗಿ ಸ್ವಲ್ಪ ಪೆಟ್ರೋಲ್ ಸುಡದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಮಾಲಿನ್ಯದ ನಿಯಮಗಳು ಬಿಗಿಯಾದಂತೆ ಈ ಎಂಜಿನ್ ರಸ್ತೆಯಿಂದ ಮರೆಯಾದದ್ದು ಇದೇ ಕಾರಣಕ್ಕೆ, ಮರೆಯಾದದ್ದು ನ್ಯಾಯವೂ ಹೌದು. ದಿನಾ ಆಫೀಸಿಗೆ ಓಡಿಸುವ ಗಾಡಿಯಾಗಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ವಾರಕ್ಕೊಮ್ಮೆ ಓಡುವ, ಸೀಲು ಗಟ್ಟಿಯಿರುವ, ಕಡಿಮೆ ಹೊಗೆಯ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ ಕುಡಿದ ಗಾಡಿ ಬಿಸಿಯಾದ ಮೇಲೆ ತೆಳ್ಳನೆಯ ನೀಲಿ ಎಳೆ ಬಿಡುತ್ತದೆ ಅಷ್ಟೆ. ಬೀದಿ ತುಂಬ ಮೋಡ ಕವಿಸುವ ಗಾಡಿಯಲ್ಲಿ ರಿಪೇರಿ ಬಾಕಿ ಇದೆ.

ಜೋಡಣೆ ಮುಗಿದು ಮೊದಲ ಸಲ ಸ್ಟಾರ್ಟ್ ಆದಾಗ ರೇಸ್ ಮಾಡುವ ಆಸೆ ತಡೆದುಕೊಳ್ಳಿ. ಎರಡು ಮೂರು ನಿಮಿಷ ಸ್ಲೋನಲ್ಲಿ ಓಡಿಸಿ ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಎಂಜಿನ್ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಮತ್ತೊಮ್ಮೆ ಬಿಗಿ ಮಾಡಿ, ಪ್ಯಾಕಿಂಗ್ ಕೂತಿರುತ್ತದೆ. ಹೊಸ ಬೋರಿಗೆ ಮೊದಲ 500 ಕಿಲೋಮೀಟರ್ ಅರ್ಧ ಆಕ್ಸಿಲರೇಟರಿಗಿಂತ ಮೇಲೆ ಹೋಗಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ. ಏರಿಸಿ ಇಳಿಸಿ ಓಡಿಸಿದರೆ ರಿಂಗು ಗೋಡೆಗೆ ಹೊಂದಿಕೊಳ್ಳುತ್ತದೆ. ಒಂದು ಒಳ್ಳೆಯ ಓಟದ ನಂತರ ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಮೂಗು ಒದ್ದೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಕಾರ್ಬೊರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ ಸೂಜಿ ಇಳಿಸಿ. ಬೆಳ್ಳಗಿದ್ದರೆ ಓಡಿಸುವುದನ್ನು ಅಲ್ಲೇ ನಿಲ್ಲಿಸಿ, ಬಲ್ಬು ಡಯಲ್ ತಂದು ಸೋರಿಕೆ ಹುಡುಕಿ. ಕಾಫಿ ಪುಡಿಯ ಬಣ್ಣ ಬಂದಿದ್ದರೆ ಪ್ಲಗ್ ವಾಪಸ್ ಹಾಕಿ, ಆಗ ಮೆರೂನೋ ಕಪ್ಪೋ ಎಂದು ನನಗೆ ಬರೆಯಿರಿ.